ಉಗುರಿನ ನೋವಿಗೆ ಬರೆದ ಪತ್ರ

ಉಗುರಿಗೆ ಬಳಿದ ಜೆಲ್ ಗಟ್ಟಿಯಾಗಿಸುವ ದೀಪದ ಪೆಟ್ಟಿಗೆಯೊಳಗೆ ಬಲಗೈ ಇಟ್ಟು ಹತ್ತು ಸೆಕೆಂಡು ಕಳೆದಿರಲಿಲ್ಲ, ತೋರುಬೆರಳಿನ ಉಗುರಿನ ಕೆಳಗೆ ಕಾದ ತವೆಗೆ ತಾಗಿದಂತಹ ಉರಿ ಎದ್ದಿತು. ಕೈ ಹಿಂದಕ್ಕೆ ಎಳೆದುಕೊಳ್ಳಲು ಹೋದಾಗ ಎದುರಿಗೆ ಕುಳಿತಿದ್ದ ಹುಡುಗಿ ನನ್ನ ಮಣಿಕಟ್ಟನ್ನು ಮೆಲ್ಲಗೆ ಹಿಡಿದು, "ಸ್ವಲ್ಪ ಬಿಸಿ ಆಗ್ತದ್ರಿ ಮೇಡಂ, ತಡ್ಕೋರಿ, ಎಲ್ಲರಿಗೂ ಹಂಗೇ ಆಗ್ತದ" ಎಂದಳು. "ಭಾಳ ಉರಿಲತ್ತದವ್ವಾ" ಎಂದು ಮತ್ತೊಮ್ಮೆ ಹೇಳಿದೆ. ಅವಳು ದೀಪದ ಮೇಲಿನ ಅಂಕಿಯನ್ನು ನೋಡುತ್ತ, ಇನ್ನು ಮೂವತ್ತೇ ಸೆಕೆಂಡು ಎಂದಳು. ನಾನು ಹಲ್ಲು ಕಚ್ಚಿ ತಡೆದುಕೊಂಡೆ. ಹಾಗೆ ತಡೆದುಕೊಂಡದ್ದರ ಪರಿಣಾಮವಾಗಿ ಮುಂದಿನ ಎರಡು ತಿಂಗಳು ವೈದ್ಯರ ಬಳಿಗೂ ಅಂಚೆ ಕಚೇರಿಗೂ ಅಲೆದಾಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಊರಿನ ಎಷ್ಟೋ ಹೆಣ್ಣುಮಕ್ಕಳು ಇಂಥದ್ದನ್ನು ಅನುಭವಿಸಿ, "ಇರ್ಲಿ ಬಿಡು" ಎಂದು ಸುಮ್ಮನಾಗುವುದನ್ನು ನೋಡಿದ್ದೇನೆ. ಸುಮ್ಮನಾಗದೆ ಇರಲು ಏನೇನು ಮಾಡಬಹುದು ಎಂಬುದು ನನಗೂ ಮೊದಲು ಗೊತ್ತಿರಲಿಲ್ಲ.

ನಾನು ಕಲಬುರಗಿಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ತಂಗಿಯ ಮದುವೆ ಬಸವಕಲ್ಯಾಣದಲ್ಲಿ ಒಂದು ಭಾನುವಾರಕ್ಕೆ ಗೊತ್ತಾಗಿತ್ತು. ಮೊದಲೆಲ್ಲ ಮದುವೆಯೆಂದರೆ ಬಳೆ ಇಡಿಸಿಕೊಂಡು, ಕೈಗೆ ಮದರಂಗಿ ಹಚ್ಚಿಕೊಂಡರೆ ನಮ್ಮ ಕೈಯ ಸಿಂಗಾರ ಮುಗಿಯುತ್ತಿತ್ತು. ಈಗ ಸೂಪರ್ ಮಾರ್ಕೆಟ್ ಸುತ್ತಲಿನ ಓಣಿಗಳಲ್ಲಿಯೂ ಜೇವರ್ಗಿ ರಸ್ತೆಯ ಕಡೆಗೂ ಉಗುರಿಗಾಗಿಯೇ ಅಂಗಡಿಗಳು ಬಂದಿವೆ. ತಂಗಿಯ ಗೆಳತಿಯರೆಲ್ಲ ಸ್ವಂತ ಉಗುರಿನ ಮೇಲೆ ಜೆಲ್ ಬಳಿದು ಉದ್ದನೆಯ ಕೃತಕ ಉಗುರು ಕೂರಿಸುವ ನೇಲ್ ಎಕ್ಸ್‌ಟೆನ್ಷನ್ ಮಾಡಿಸಿಕೊಂಡಿದ್ದರು. "ಅಕ್ಕಾ, ನೀನೂ ಮಾಡಿಸ್ಕೋ, ಫೋಟೋದಾಗ ಕೈ ಚಂದ ಕಾಣ್ತಾವ" ಎಂದು ತಂಗಿ ಹಠ ಹಿಡಿದಳು. ಮದುವೆಗೆ ಮೂರು ದಿನ ಮುಂಚೆ, ಗುರುವಾರ ಮಧ್ಯಾಹ್ನ ಕಾಲೇಜು ಮುಗಿಸಿ ನಾನು ಅಂಥ ಒಂದು ಅಂಗಡಿಗೆ ಹೋದೆ. ಎರಡೂ ಕೈಗೆ 1,800 ರೂಪಾಯಿ ಎಂದು ವಾಟ್ಸ್‌ಆ್ಯಪ್‌ನಲ್ಲಿ ಮೊದಲೇ ಮಾತಾಗಿತ್ತು. ಆ ಮಾತುಕತೆಯನ್ನು ಅಳಿಸದೆ ಇಟ್ಟುಕೊಂಡದ್ದು ಮುಂದೆ ನನ್ನ ಪುಣ್ಯವಾಯಿತು.

ಕೆಲಸ ಮಾಡಿದ ಹುಡುಗಿಗೆ ಇಪ್ಪತ್ತರ ಆಸುಪಾಸಿನ ವಯಸ್ಸು. ಅಫಜಲಪುರ ತಾಲ್ಲೂಕಿನ ಒಂದು ಹಳ್ಳಿಯಿಂದ ದಿನಾಲು ಬಸ್ಸಿಗೆ ಬಂದು ಹೋಗುತ್ತಾಳಂತೆ. ಮಾತು ಬಹಳ ಮೃದು. ಮೊದಲು ಸಣ್ಣ ಡ್ರಿಲ್ ಮಷಿನ್ನಿನಿಂದ ಉಗುರಿನ ಮೇಲ್ಮೈಯನ್ನು ಉಜ್ಜಿದಳು. ಹೊಳಪು ಹೋಗುವಷ್ಟು ಮಾತ್ರ ಉಜ್ಜಿದರೆ ಜೆಲ್ ಹಿಡಿದುಕೊಳ್ಳುತ್ತದೆ, ಅದಕ್ಕಿಂತ ಹೆಚ್ಚು ಬೇಕಿಲ್ಲ. ಆದರೆ ಮಷಿನ್ ಒಂದೇ ಜಾಗದಲ್ಲಿ ನಿಲ್ಲುತ್ತಿತ್ತು, ಬಿಳಿಯ ಪುಡಿ ಕಾಗದದ ಮೇಲೆ ಹಿಟ್ಟಿನಂತೆ ಬೀಳುತ್ತಿತ್ತು. ಆ ಪುಡಿ ನನ್ನ ಉಗುರೇ ಎಂಬ ಯೋಚನೆ ಆಗ ಬರಲಿಲ್ಲ. ಆಮೇಲೆ ಉಗುರಿನ ಬುಡದ ತೆಳು ಚರ್ಮವನ್ನು ಇಕ್ಕಳದಂತೆ ಕತ್ತರಿಸುವ ಒಂದು ಸಣ್ಣ ನಿಪ್ಪರ್‌ನಿಂದ ಕತ್ತರಿಸಲು ತೊಡಗಿದಳು. ಆ ನಿಪ್ಪರ್ ತಟ್ಟೆಯಲ್ಲಿ ತೆರೆದೇ ಬಿದ್ದಿತ್ತು, ಅದರ ಬಾಯಲ್ಲಿ ನನಗಿಂತ ಮುಂಚೆ ಕುಳಿತಿದ್ದವರ ಚರ್ಮದ ಒಣ ಚೂರು ಅಂಟಿಕೊಂಡಿತ್ತು. ತೋರುಬೆರಳಿನ ಬಲಮೂಲೆಯಲ್ಲಿ ಚುರ್ ಎಂದಿತು, ಸಾಸಿವೆಯಷ್ಟು ರಕ್ತ ಹನಿಯಾಗಿ ನಿಂತಿತು. ಅವಳು ಟಿಶ್ಯೂ ಕಾಗದದಿಂದ ಮೊದಲು ನನ್ನ ಬೆರಳನ್ನು, ನಂತರ ಅದೇ ಕಾಗದದಿಂದ ನಿಪ್ಪರನ್ನು ಒರೆಸಿ ಮಧ್ಯದ ಬೆರಳಿಗೆ ಹೋದಳು. "ಸಾರಿ ಮೇಡಂ" ಎಂದಳು. ನಾನು "ಇರ್ಲಿ ಬಿಡವ್ವಾ" ಎಂದೆ.

ಈ ಮಾತನ್ನು ಆಮೇಲೆ ಎಷ್ಟು ಸಲ ನೆನೆಸಿಕೊಂಡೆನೋ ಲೆಕ್ಕವಿಲ್ಲ. ಪ್ರಯೋಗಾಲಯದಲ್ಲಿ ವಿದ್ಯಾರ್ಥಿಯೊಬ್ಬ ಒಂದು ಬೀಕರ್ ತೊಳೆಯದೆ ಮತ್ತೊಂದು ದ್ರಾವಣ ಹಾಕಿದರೆ ತಕ್ಷಣ ತಡೆಯುವ ನಾನು, ನನ್ನ ರಕ್ತ ತಾಗಿದ ಉಪಕರಣ ನನ್ನ ಕಣ್ಣೆದುರಿಗೇ ಬಳಕೆಯಾಗುವುದನ್ನು ನೋಡುತ್ತ ಕುಳಿತಿದ್ದೆ. ಎದುರಿಗಿರುವವಳು ಚಿಕ್ಕವಳು, ಬಡವರ ಮನೆಯವಳು, ನಾನು ಏನಾದರೂ ಅಂದರೆ ಬೇಜಾರು ಮಾಡಿಕೊಂಡಾಳು ಎಂಬ ಸಂಕೋಚವೇ ನನ್ನ ಬಾಯಿ ಕಟ್ಟಿತ್ತು. ಆ ಸಂಕೋಚದಿಂದ ಅವಳಿಗೂ ಒಳ್ಳೆಯದಾಗಲಿಲ್ಲ.

ದೀಪದ ಉರಿಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಇದು ಮೈಯ ಗುಣವೋ ಉಗುರಿನ ದೋಷವೋ ಎಂದು ಅಂಗಡಿಯವರು ಆಮೇಲೆ ವಾದಿಸಿದರು. ಜೆಲ್ ಎಂಬುದು ಅಕ್ರಿಲೇಟ್ ಜಾತಿಯ ಸಣ್ಣ ಅಣುಗಳ ದ್ರವ. ಅದರಲ್ಲಿ ಬೆರೆಸಿರುವ ಒಂದು ಪದಾರ್ಥ ಬೆಳಕನ್ನು ಹೀರಿಕೊಂಡ ಕೂಡಲೇ ಆ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಗಟ್ಟಿಯಾಗುತ್ತವೆ. ಈ ಕೊಂಡಿ ಬೀಳುವಾಗ ಶಾಖ ಹೊರಬರುತ್ತದೆ. ಜೆಲ್ ದಪ್ಪವಾಗಿ ಬಳಿದಷ್ಟೂ ಶಾಖ ಹೆಚ್ಚು, ಉಗುರು ತೆಳುವಾಗಿದ್ದಷ್ಟೂ ಆ ಶಾಖ ಬೇಗ ಕೆಳಗಿನ ಜೀವಂತ ಚರ್ಮಕ್ಕೆ ತಲುಪುತ್ತದೆ. ನನ್ನ ಉಗುರನ್ನು ಅತಿಯಾಗಿ ಉಜ್ಜಿ ತೆಳ್ಳಗೆ ಮಾಡಿ, ಅದರ ಮೇಲೆ ಒಂದೇ ಸಲಕ್ಕೆ ದಪ್ಪ ಪದರ ಹಾಕಲಾಗಿತ್ತು. ಉರಿ ಎದ್ದ ಕ್ಷಣವೇ ಕೈ ಹೊರಗೆ ತೆಗೆದು, ಕೆಲವು ಸೆಕೆಂಡು ಬಿಟ್ಟು ಮತ್ತೆ ಒಳಗಿಡಬೇಕು. ತೆಳ್ಳಗಿನ ಪದರಗಳನ್ನು ಒಂದರ ಮೇಲೊಂದರಂತೆ ಹಾಕಿದರೆ ಉರಿ ಬಹುಮಟ್ಟಿಗೆ ಬರುವುದೇ ಇಲ್ಲ. ಹಿಡಿದು ಕೂರಿಸುವುದು ಮಾತ್ರ ಎಂದಿಗೂ ಸರಿಯಲ್ಲ.

ಹಣವನ್ನು ಯುಪಿಐ ಮೂಲಕ ಕೊಟ್ಟೆ. ಬಿಲ್ ಕೇಳಿದಾಗ ಬುಕ್ ಖಾಲಿಯಾಗಿದೆ ಎಂದರು. ಶುಕ್ರವಾರ ಬೆರಳು ನೋಯತೊಡಗಿತು. ಶನಿವಾರ ಬೆಳಿಗ್ಗೆ ಬೀಗರಿಗಾಗಿ ಅವ್ವನ ಜೊತೆ ರೊಟ್ಟಿ ಬಡಿಯಲು ಕುಳಿತೆ. ಜೋಳದ ಹಿಟ್ಟು ನಾದುವಾಗಲೇ ತೋರುಬೆರಳು ಮಡಚಲಾಗದೆ ಕೈ ಎತ್ತಿದೆ. ಅವ್ವ ನನ್ನ ಕೈಯನ್ನು ಬೆಳಕಿಗೆ ಹಿಡಿದು, "ಉಗುರುಸುತ್ತು ಆಗ್ಯದ ನೋಡವ್ವಾ. ಲಿಂಬಿಹಣ್ಣಿನ್ಯಾಗ ಬೆರಳು ಇಟ್ಕೊಂಡು ಮಲ್ಕೋ" ಎಂದಳು. ಉಗುರಿನ ಬಲಮೂಲೆ ಕೆಂಪಗೆ ಊದಿಕೊಂಡು ಹೊಳೆಯುತ್ತಿತ್ತು. ಆ ರಾತ್ರಿ ನಿಂಬೆಹಣ್ಣಿಗೆ ತೂತು ಮಾಡಿ ಬೆರಳು ಸಿಕ್ಕಿಸಿಕೊಂಡೇ ಮಲಗಿದೆ. ಗಾಯಕ್ಕೆ ರಸ ತಾಗಿ ಇನ್ನಷ್ಟು ಉರಿಯಿತು. ಭಾನುವಾರ ಅಕ್ಕಿಕಾಳಿನ ಹೊತ್ತಿಗೆ ಬೆರಳು ನಾಡಿಯ ಜೊತೆ ಲಬಲಬ ಬಡಿದುಕೊಳ್ಳುತ್ತಿತ್ತು. ತಂಗಿಯ ತಲೆಯ ಮೇಲೆ ಎಡಗೈಯಿಂದ ಅಕ್ಕಿಕಾಳು ಹಾಕಬೇಕಾಯಿತು. ಎಡಗೈಯಿಂದ ಹಾಕಬಾರದೆಂದು ಹಿರಿಯರೊಬ್ಬರು ಗದರಿದ್ದು ನನ್ನ ಮನಸ್ಸಿನಿಂದ ಇಂದಿಗೂ ಹೋಗಿಲ್ಲ.

ಸೋಮವಾರ ಕಲಬುರಗಿಗೆ ಮರಳಿದ ಕೂಡಲೇ ಚರ್ಮರೋಗ ತಜ್ಞೆಯೊಬ್ಬರ ಬಳಿಗೆ ಹೋದೆ. ಅವರು ಮೊದಲು ಸಕ್ಕರೆ ಕಾಯಿಲೆ ಇದೆಯೇ ಎಂದು ಕೇಳಿದರು, ಇದ್ದವರಿಗೆ ಇಂಥ ಸೋಂಕು ಬೇಗ ಹಬ್ಬುತ್ತದೆ. ಉಗುರಿನ ಬುಡದಲ್ಲಿರುವ ತೆಳು ಚರ್ಮ ಒಂದು ಮುಚ್ಚಳದಂತೆ ಕೆಲಸ ಮಾಡುತ್ತದೆ, ಅದನ್ನು ಕತ್ತರಿಸಿದರೆ ನೀರು, ಹೊಲಸು, ರೋಗಾಣು ಒಳಗೆ ಇಳಿಯಲು ದಾರಿಯಾಗುತ್ತದೆ ಎಂದು ವಿವರಿಸಿದರು. ಕೀವು ತುಂಬಿದ್ದರಿಂದ ಬೆರಳಿಗೆ ಮರಗಟ್ಟುವ ಸೂಜಿ ಕೊಟ್ಟು ಸಣ್ಣದಾಗಿ ಕೊಯ್ದು ತೆಗೆದರು. ಐದು ದಿನ ಗುಳಿಗೆ ಬರೆದುಕೊಟ್ಟು, ದಿನಕ್ಕೆ ಮೂರು ನಾಲ್ಕು ಬಾರಿ ಬೆಚ್ಚಗಿನ ನೀರಿನಲ್ಲಿ ಬೆರಳು ಅದ್ದಿಡಲು ಹೇಳಿದರು. ಆ ಬೆರಳಿನ ಕೃತಕ ಉಗುರನ್ನು ಅವರೇ ಜಾಗರೂಕತೆಯಿಂದ ಬಿಡಿಸಿದರು. ಉಳಿದವುಗಳನ್ನು ಕಿತ್ತು ತೆಗೆಯಬೇಡಿ, ಕಿತ್ತರೆ ನಿಮ್ಮ ಸ್ವಂತ ಉಗುರಿನ ಪದರವೂ ಎದ್ದು ಬರುತ್ತದೆ, ಗಾಯ ಮಾಗಿದ ಮೇಲೆ ತೆಗೆಸಿ ಎಂದು ಎಚ್ಚರಿಸಿದರು. ಕೈಬೆರಳಿನ ಉಗುರು ತಿಂಗಳಿಗೆ ಹೆಚ್ಚುಕಡಿಮೆ 3 ಮಿಲಿಮೀಟರ್ ಬೆಳೆಯುತ್ತದೆ, ಆದ್ದರಿಂದ ತೆಳುವಾದ ಉಗುರು ಪೂರ್ತಿ ಬದಲಾಗಲು ಸುಮಾರು ಆರು ತಿಂಗಳು ಬೇಕು ಎಂದರು.

ನಾನು ಅವರಲ್ಲಿ ಒಂದು ವಿನಂತಿ ಮಾಡಿಕೊಂಡೆ. ನೋಡಿದ್ದನ್ನು ಚೀಟಿಯಲ್ಲಿ ಬರೆದುಕೊಡಿ ಎಂದು. ನೇಲ್ ಎಕ್ಸ್‌ಟೆನ್ಷನ್ ಮಾಡಿಸಿಕೊಂಡ ನಾಲ್ಕನೆಯ ದಿನ ಬಂದಿದ್ದಾರೆ, ಉಗುರಿನ ಬುಡದ ಚರ್ಮದಲ್ಲಿ ಕತ್ತರಿಸಿದ ಗಾಯವಿದೆ, ಉಗುರು ತೆಳುವಾಗಿದೆ, ಕೀವು ತೆಗೆಯಲಾಗಿದೆ ಎಂದು ಅವರು ದಿನಾಂಕ ಸಹಿತ ಬರೆದರು. ದೂರು ಕೊಡುವ ಯೋಚನೆ ಇರಲಿ ಬಿಡಲಿ, ಇಂಥ ಸಂದರ್ಭದಲ್ಲಿ ಪ್ರತಿಯೊಬ್ಬರೂ ಮೊದಲು ಮಾಡಿಸಿಕೊಳ್ಳಬೇಕಾದ ಕೆಲಸ ಇದು. ಅಂದು ರಾತ್ರಿ ಕುಳಿತು ಗುರುವಾರ ನಡೆದದ್ದೆಲ್ಲವನ್ನೂ ನೆನಪಿದ್ದಷ್ಟು ಎರಡು ಪುಟ ಬರೆದಿಟ್ಟೆ. ಬೆರಳಿನ ಚಿತ್ರಗಳನ್ನು ಶುಕ್ರವಾರದಿಂದಲೇ ತಂಗಿ ತನ್ನ ಫೋನಿನಲ್ಲಿ ತೆಗೆದಿದ್ದಳು.

ಬುಧವಾರ ಸಂಜೆ ವೈನಿಯನ್ನು ಕರೆದುಕೊಂಡು ಅಂಗಡಿಗೆ ಹೋದೆ. ಒಬ್ಬಳೇ ಹೋಗಬಾರದೆಂದು ಅಣ್ಣ ಹೇಳಿದ್ದ, ಅದು ಸರಿಯಾದ ಮಾತೇ ಆಗಿತ್ತು, ಏಕೆಂದರೆ ಮಾಲೀಕರ ಮೊದಲ ಮಾತಿಗೇ ನನ್ನ ಗಂಟಲು ಕಟ್ಟಿತು. "ನಮ್ಮ ಕಡಿಯಿಂದ ಏನೂ ತಪ್ಪಾಗಿಲ್ರಿ ಮೇಡಂ. ನಿಮ್ಮ ಉಗುರೇ ವೀಕ್ ಅದಾವ. ಬೇಕಂದ್ರ ಫ್ರೀಯಾಗಿ ಮತ್ತೊಮ್ಮೆ ಮಾಡಿಕೊಡ್ತೀವಿ" ಎಂದರು. ಕೀವು ತೆಗೆದು ಪಟ್ಟಿ ಕಟ್ಟಿದ ಬೆರಳನ್ನು ಮುಂದಿಟ್ಟುಕೊಂಡು ಕುಳಿತವಳಿಗೆ ಮತ್ತೊಮ್ಮೆ ಅದೇ ದೀಪದಡಿ ಕೈಯಿಡಿ ಎಂದು ಹೇಳುವುದು ಹೇಗೆ ಸಾಧ್ಯವಾಯಿತೋ ತಿಳಿಯದು. ವೈನಿ ಡಾಕ್ಟರ ಚೀಟಿಯನ್ನು ಓದಿ ಹೇಳಿದಳು. ಆಗ ಮಾಲೀಕರು ಒಳಗೆ ತಿರುಗಿ ಆ ಹುಡುಗಿಯನ್ನು ಹೆಸರು ಹಿಡಿದು ಕೂಗಿ, ಕುಳಿತ ಗಿರಾಕಿಗಳೆಲ್ಲರ ಎದುರಿಗೆ ಬೈಯತೊಡಗಿದರು. ನಂತರ ನನ್ನ ಕಡೆ ನೋಡಿ, "ಈಕಿ ಪಗಾರದಾಗ ಕಟ್ ಮಾಡಿ ನಿಮ್ಮ ರೊಕ್ಕ ಕೊಡ್ತೀನ್ರಿ, ಆಯ್ತಲ್ಲಾ?" ಎಂದರು. ಹುಡುಗಿ ಪರದೆಯ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಿದ್ದಳು.

"ಆಕಿಗಿ ಬೈಬ್ಯಾಡ್ರಿ" ಎಂದಷ್ಟೇ ಹೇಳಿ ಹೊರಗೆ ಬಂದೆ.

ನನ್ನ ದೂರು ಯಾರ ಮೇಲೆ ಎಂಬ ಪ್ರಶ್ನೆ ಆ ರಾತ್ರಿ ನನ್ನನ್ನು ಬಹಳ ಕಾಡಿತು. ಕೈ ಮುಟ್ಟಿ ಗಾಯ ಮಾಡಿದವಳು ಹುಡುಗಿಯೇ ನಿಜ. ಆದರೆ ಹದಿನೈದು ದಿನ ಮತ್ತೊಬ್ಬಳ ಪಕ್ಕ ಕುಳಿತು ನೋಡಿ ಕಲಿತದ್ದಷ್ಟೇ ತನ್ನ ತರಬೇತಿ ಎಂದು ಅವಳೇ ಮಾತಿನ ನಡುವೆ ನನಗೆ ಹೇಳಿದ್ದಳು. ಎಲ್ಲ ಗಿರಾಕಿಗಳಿಗೂ ಒಂದೇ ನಿಪ್ಪರ್ ಕೊಟ್ಟವರು ಮಾಲೀಕರು. ಗಿರಾಕಿ ಕೈ ಎಳೆದುಕೊಂಡರೆ ಜೆಲ್ ಹಾಳಾಗುತ್ತದೆ, ಹಿಡಿದು ಕೂರಿಸು ಎಂದು ಕಲಿಸಿದವರೂ ಅವರೇ ಇರಬೇಕು. ವೈದ್ಯರಿಗಿರುವಂತಹ ನೋಂದಣಿ ಈ ಕೆಲಸಕ್ಕೆ ನಮ್ಮಲ್ಲಿ ಇಲ್ಲ, ಹಾಗಾಗಿ ಕಲಿಸುವ ಹೊಣೆ ಅಂಗಡಿ ನಡೆಸುವವರ ಮೇಲೆಯೇ ಬೀಳುತ್ತದೆ. ಪಗಾರದಲ್ಲಿ ಕಡಿದು ಕೊಟ್ಟ ಹಣವನ್ನು ಮುಟ್ಟಬಾರದೆಂದು ನಾನು ಅಂದೇ ಗಟ್ಟಿ ಮಾಡಿಕೊಂಡೆ.

ಮನೆಯ ಹುಡುಗರು ಬೇರೆ ದಾರಿ ಹೇಳಿದರು. ಅಣ್ಣನ ಮಗ, "ಅತ್ತೀ, ಒಂದು ರೀಲ್ ಮಾಡಿ ಹಾಕೋಣ, ನಾಳೆನೇ ಬಂದು ಕಾಲಿಗಿ ಬೀಳ್ತಾರ" ಎಂದ. ಆ ಹುಡುಗಿಯ ಮುಖ ಊರ ತುಂಬ ಹರಿದಾಡುವುದನ್ನು ನೆನೆದೇ ನನಗೆ ಬೇಡವೆನಿಸಿತು. ಸಿಟ್ಟಿನಲ್ಲಿ ಬರೆದ ಒಂದು ಅತಿಶಯದ ಮಾತು ನನ್ನನ್ನೇ ಮಾನಹಾನಿಯ ಮೊಕದ್ದಮೆಗೆ ಎಳೆಯಬಹುದು ಎಂದು ವಕೀಲಿ ಮಾಡುವ ನನ್ನ ಕಾಕಾನ ಮಗಳು ಎಚ್ಚರಿಸಿದಳು. ಮುಂದಿನ ದಾರಿಯನ್ನೆಲ್ಲ ತೋರಿಸಿದವಳು ಅವಳೇ.

ಹಣ ಕೊಟ್ಟು ಪಡೆದ ಸೇವೆಯಲ್ಲಿ ಕೊರತೆಯಾದರೆ ಅದನ್ನು ಗ್ರಾಹಕರ ಸಂರಕ್ಷಣಾ ಕಾಯ್ದೆ 2019 ಸೇವಾ ನ್ಯೂನತೆ ಎಂದು ಕರೆಯುತ್ತದೆ. ಈ ಕಾಯ್ದೆ 2020ರ ಜುಲೈನಲ್ಲಿ ಜಾರಿಗೆ ಬಂದಿತು. ಬಿಲ್ ಕೊಡದಿರುವುದು ಕೂಡ ಇದರ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿಯಲ್ಲಿ ಸೇರುತ್ತದೆ. ಬಿಲ್ಲಿನಲ್ಲಿ ಅವಧಿಯನ್ನು ಹೇಳಿರದಿದ್ದರೆ, ನ್ಯೂನತೆಯುಳ್ಳ ಸೇವೆಯ ಹಣವನ್ನು 30 ದಿನಗಳೊಳಗೆ ಹಿಂತಿರುಗಿಸಲು ನಿರಾಕರಿಸುವುದೂ ಹಾಗೆಯೇ. ಅಂಗಡಿಯ ಗೋಡೆಯ ಮೇಲೆ "ಹಣ ವಾಪಸ್ ಇಲ್ಲ" ಎಂಬ ಫಲಕ ನೇತುಹಾಕಿದ ಮಾತ್ರಕ್ಕೆ ಆ ಹೊಣೆ ತಪ್ಪುವುದಿಲ್ಲ ಎಂಬುದನ್ನು ತಿಳಿದಾಗ ನನಗೆ ನಿಜವಾಗಿಯೂ ಧೈರ್ಯ ಬಂತು. ದೂರನ್ನು ಎರಡು ವರ್ಷಗಳೊಳಗೆ ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗಕ್ಕೆ ಕೊಡಬಹುದು. ಸೇವೆಗೆ ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ವಕೀಲರನ್ನು ಇಟ್ಟುಕೊಳ್ಳಲೇಬೇಕೆಂಬ ಕಡ್ಡಾಯವೂ ಇಲ್ಲ. ಅಂತರ್ಜಾಲದ ಮೂಲಕವೂ ಸಲ್ಲಿಸಬಹುದು. ಫೋನಿನಲ್ಲಿರುವ ಚಿತ್ರ, ಸಂದೇಶಗಳನ್ನು ಸಾಕ್ಷ್ಯವಾಗಿ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ ಒಂದು ಪ್ರಮಾಣಪತ್ರ ಲಗತ್ತಿಸಬೇಕಾಗುತ್ತದೆ, ಆದ್ದರಿಂದ ಮೂಲ ಫೋನನ್ನು ಮಾರಬೇಡ, ಏನನ್ನೂ ಅಳಿಸಬೇಡ ಎಂದು ತಂಗಿಗೂ ನನಗೂ ಕಟ್ಟುನಿಟ್ಟಾಗಿ ಹೇಳಿದಳು.

ಮೊದಲು 1915ಕ್ಕೆ ಕರೆ ಮಾಡಿದೆ. ಇದು ಕೇಂದ್ರ ಸರ್ಕಾರದ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲಿಯೇ ಮಾತನಾಡಬಹುದು. ನನ್ನ ಮಾತನ್ನು ಸಮಾಧಾನದಿಂದ ಕೇಳಿಕೊಂಡು ದೂರು ದಾಖಲಿಸಿ ಒಂದು ಸಂಖ್ಯೆ ಕೊಟ್ಟರು. ಸಹಾಯವಾಣಿಗೆ ಆದೇಶ ಮಾಡುವ ಅಧಿಕಾರವಿಲ್ಲ, ಎರಡೂ ಕಡೆಯವರ ನಡುವೆ ಮಾತು ಬೆಳೆಸಲು ಯತ್ನಿಸುತ್ತದೆ ಅಷ್ಟೆ. ಸಣ್ಣ ಅಂಗಡಿಯೊಂದು ಅದಕ್ಕೆ ಎಷ್ಟು ಬೆಲೆ ಕೊಡುತ್ತದೆಂದು ನನಗೆ ಅನುಮಾನವಿತ್ತು. ಆದರೂ ದೂರಿನ ಸಂಖ್ಯೆಯನ್ನು ಪತ್ರದಲ್ಲಿ ನಮೂದಿಸಲು ಬಂತು, ಪತ್ರದ ತೂಕ ಅದರಿಂದ ಹೆಚ್ಚಿತೆಂದೇ ನನ್ನ ಅನಿಸಿಕೆ.

ಪತ್ರ ಬರೆಯುವುದೇ ಎಲ್ಲಕ್ಕಿಂತ ಕಷ್ಟದ ಕೆಲಸವಾಯಿತು. ಮೊದಲ ಕರಡಿನಲ್ಲಿ ನಾಲ್ಕು ಪುಟ ಸಿಟ್ಟೇ ಇತ್ತು. ತಂಗಿಯ ಮದುವೆ, ಎಡಗೈಯ ಅಕ್ಕಿಕಾಳು, ಅವ್ವನ ಕಣ್ಣೀರು ಎಲ್ಲವೂ ಅದರಲ್ಲಿದ್ದವು. ಕಾಕಾನ ಮಗಳು ಓದಿ, "ಅಕ್ಕಾ, ಕಣ್ಣಾರೆ ಕಂಡಿದ್ದಷ್ಟೇ ಬರಿ. ಅನಕೊಂಡಿದ್ದು ಬ್ಯಾಡ" ಎಂದಳು. ನನ್ನ ಬೆರಳಿಗೆ ಸೇರಿದ ರೋಗಾಣು ಆ ನಿಪ್ಪರ್‌ನಿಂದಲೇ ಬಂತೆಂದು ನಾನು ಸಿದ್ಧಮಾಡಿ ತೋರಿಸಲಾರೆ. ಮದುವೆ ಮನೆಯಲ್ಲಿ ನೂರು ಕೆಲಸಕ್ಕೆ ಕೈ ಹಾಕಿದ್ದೆ, ಯಾವ ನೀರು ಎಲ್ಲಿ ತಾಗಿತೋ ಯಾರು ಬಲ್ಲರು. ಆದರೆ ರೋಗಾಣು ಒಳಗೆ ಹೋಗಲು ದಾರಿ ಮಾಡಿಕೊಟ್ಟ ಗಾಯ ಎಲ್ಲಿ, ಯಾವಾಗ, ಯಾವುದರಿಂದ ಆಯಿತೆಂಬುದು ನನಗೆ ಖಚಿತವಾಗಿ ಗೊತ್ತು. ಎರಡನೆಯ ಸಲ ಬರೆದ ಪತ್ರ ಒಂದೂಕಾಲು ಪುಟದಲ್ಲಿ ಮುಗಿಯಿತು. ಅದರ ನಡುವಿನ ಭಾಗ ಹೀಗಿತ್ತು:

"ತೋರುಬೆರಳಿನ ಉಗುರಿನ ಬುಡದ ಚರ್ಮ ಕತ್ತರಿಸಿ ರಕ್ತ ಬಂದ ನಂತರ, ಅದೇ ನಿಪ್ಪರನ್ನು ಟಿಶ್ಯೂ ಕಾಗದದಿಂದ ಒರೆಸಿ ಮಧ್ಯದ ಬೆರಳಿಗೆ ಬಳಸಲಾಯಿತು. ದೀಪದೊಳಗೆ ಕೈ ಇಟ್ಟಾಗ ತೀವ್ರ ಉರಿಯಾಗಿ ಕೈ ಹಿಂತೆಗೆಯಲು ಹೋದೆನು, ಉರಿಯುತ್ತಿದೆ ಎಂದು ಹೇಳಿದೆನು, ಆದರೂ ಪೂರ್ತಿ 60 ಸೆಕೆಂಡು ಕೈಯನ್ನು ಒಳಗೇ ಇರಿಸಲಾಯಿತು. ಕೇಳಿದರೂ ಬಿಲ್ ಕೊಡಲಿಲ್ಲ. ನಾಲ್ಕನೆಯ ದಿನ ವೈದ್ಯರು ಕೀವು ತೆಗೆಯಬೇಕಾಯಿತು."

ಕೆಳಗೆ ಲೆಕ್ಕ ಕೊಟ್ಟೆ. ಸೇವೆಗೆ ಕೊಟ್ಟದ್ದು 1,800, ವೈದ್ಯರ ಎರಡು ಭೇಟಿಗೆ 1,000, ಕೀವು ತೆಗೆಸಿದ್ದಕ್ಕೆ 700, ಔಷಧಕ್ಕೆ 640, ಒಟ್ಟು 4,140 ರೂಪಾಯಿ. ನೋವಿಗೆ, ಓಡಾಟಕ್ಕೆ ಎಂದು ಹೆಚ್ಚಿಗೆ ಕೇಳಬಹುದಿತ್ತು, ಕೇಳಲಿಲ್ಲ. ಅದರ ಬದಲು ಮೂರು ಬೇಡಿಕೆಗಳನ್ನು ಸೇರಿಸಿದೆ. ಈ ಹಣವನ್ನು ಕೆಲಸದವರ ಪಗಾರದಿಂದ ಕಡಿಯಬಾರದು. ಲೋಹದ ಉಪಕರಣಗಳನ್ನು ಪ್ರತಿ ಗಿರಾಕಿಯ ನಂತರ ಸಾಬೂನಿನಿಂದ ತಿಕ್ಕಿ ತೊಳೆದು, ಸೋಂಕುನಿವಾರಕ ದ್ರಾವಣದಲ್ಲಿ ಅದರ ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಮುಳುಗಿಸಿಟ್ಟ ಮೇಲೆಯೇ ಬಳಸಬೇಕು, ಅರ ಮತ್ತು ಬಫರ್‌ಗಳನ್ನು ಒಬ್ಬರಿಗೆ ಬಳಸಿದ್ದು ಮತ್ತೊಬ್ಬರಿಗೆ ಬಳಸಬಾರದು. ಕೆಲಸದ ಹುಡುಗಿಯರಿಗೆ ಸರಿಯಾದ ತರಬೇತಿ ಕೊಡಿಸಬೇಕು. ಅಂಗಡಿಯಲ್ಲಿ ನೀಲಿ ಬೆಳಕಿನ ಒಂದು ಪೆಟ್ಟಿಗೆ ಇತ್ತು, ಉಪಕರಣ ಅದರಲ್ಲಿಟ್ಟರೆ ಶುದ್ಧವಾಗುತ್ತದೆ ಎಂದು ಮಾಲೀಕರು ನಂಬಿದ್ದರು. ಚರ್ಮದ ಚೂರು ಅಂಟಿರುವ ನಿಪ್ಪರ್ ಮೇಲೆ ಬೆಳಕು ಬಿದ್ದರೆ ಆ ಚೂರಿನ ಕೆಳಗೆ, ಬಾಯಿಯ ಸಂದಿಯಲ್ಲಿ ಇರುವುದಕ್ಕೆ ಏನೂ ಆಗುವುದಿಲ್ಲ. ಮೊದಲು ತೊಳೆಯಲೇಬೇಕು. ಇದನ್ನೂ ಎರಡು ಸಾಲಿನಲ್ಲಿ ಬರೆದೆ.

ಹದಿನೈದು ದಿನಗಳ ಗಡುವು ಕೊಟ್ಟು, ಗಡುವು ಮೀರಿದರೆ ಜಿಲ್ಲಾ ಆಯೋಗಕ್ಕೆ ಹೋಗುತ್ತೇನೆ, ಮಹಾನಗರ ಪಾಲಿಕೆಯ ಆರೋಗ್ಯ ವಿಭಾಗಕ್ಕೂ ತಿಳಿಸುತ್ತೇನೆ ಎಂದು ಬರೆದು, ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿದೆ. ಅಂಚೆಯ ರಸೀದಿಯನ್ನೂ ಪತ್ರ ತಲುಪಿದ ವಿವರವನ್ನೂ ಕಡತದಲ್ಲಿ ಹಚ್ಚಿಟ್ಟೆ.

ಹತ್ತು ದಿನ ಏನೂ ಸುದ್ದಿಯಿರಲಿಲ್ಲ. ಈ ನಡುವೆ ಉಳಿದ ಒಂಬತ್ತು ಉಗುರುಗಳನ್ನು ವೈದ್ಯರ ಒಪ್ಪಿಗೆ ಪಡೆದು ನಾನೇ ತೆಗೆದುಕೊಂಡೆ. ಮೇಲಿನ ಹೊಳಪಿನ ಪದರವನ್ನು ಅರದಿಂದ ಉಜ್ಜಿ, ಅಸಿಟೋನ್‌ನಲ್ಲಿ ಅದ್ದಿದ ಹತ್ತಿಯನ್ನು ಉಗುರಿನ ಮೇಲಿಟ್ಟು, ಫಾಯಿಲ್ ಸುತ್ತಿ ಕಾಲು ತಾಸು ಕಾದು, ಮೆತ್ತಗಾದದ್ದನ್ನಷ್ಟೇ ಕಡ್ಡಿಯಿಂದ ಸರಿಸಿದೆ. ಸರಿಯದಿದ್ದರೆ ಮತ್ತೆ ಸುತ್ತಿದೆ. ಮಾಗುತ್ತಿದ್ದ ತೋರುಬೆರಳಿಗೆ ಅಸಿಟೋನ್ ತಾಗದಂತೆ ಪಟ್ಟಿ ಕಟ್ಟಿಕೊಂಡಿದ್ದೆ. ಕೋಣೆಯ ಕಿಟಕಿಗಳೆಲ್ಲ ತೆರೆದಿದ್ದವು, ಒಲೆಯ ಹತ್ತಿರ ಹೋಗಲಿಲ್ಲ, ಏಕೆಂದರೆ ಅಸಿಟೋನಿನ ಆವಿಗೆ ಬೆಂಕಿ ಬೇಗ ಹತ್ತುತ್ತದೆ. ಎರಡು ಸಂಜೆ ಹಿಡಿಯಿತು. ಕೆಳಗೆ ನನ್ನ ಉಗುರುಗಳು ಈರುಳ್ಳಿ ಸಿಪ್ಪೆಯಂತೆ ತೆಳ್ಳಗೆ, ಬಿಳಿಚಿಕೊಂಡು, ಒತ್ತಿದರೆ ಬಾಗುತ್ತಿದ್ದವು. ಅವ್ವ ದಿನಾ ರಾತ್ರಿ ಅವುಗಳಿಗೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದಳು.

ಹನ್ನೊಂದನೆಯ ದಿನ ಮಾಲೀಕರೇ ಫೋನ್ ಮಾಡಿದರು. ದನಿ ಬದಲಾಗಿತ್ತು. 1,800 ಕೊಡುತ್ತೇನೆ, ಅಲ್ಲಿಗೆ ಮುಗಿಸಿಬಿಡಿ ಎಂದರು. ಔಷಧದ ಬಿಲ್ಲುಗಳ ನಕಲು ಪತ್ರದ ಜೊತೆಗಿವೆ, ಲೆಕ್ಕದಲ್ಲಿ ತಪ್ಪಿದ್ದರೆ ತೋರಿಸಿ, ತಿದ್ದುತ್ತೇನೆ ಎಂದೆ. ಎರಡು ದಿನ ಬಿಟ್ಟು ಅಂಗಡಿಗೆ ಬರಹೇಳಿದರು. ಮತ್ತೆ ವೈನಿಯೊಡನೆ ಹೋದೆ. 4,140 ರೂಪಾಯಿ ನನ್ನ ಖಾತೆಗೆ ಬಂದ ಮೇಲೆ, ಹಣ ಮುಟ್ಟಿದೆ, ಈ ಸಂಬಂಧ ಆಯೋಗಕ್ಕೆ ಹೋಗುವುದಿಲ್ಲ ಎಂದು ನಾನು ಬರೆದುಕೊಟ್ಟೆ. ಪಗಾರ ಕಡಿಯುವುದಿಲ್ಲ, ಉಪಕರಣಗಳನ್ನು ತೊಳೆದು ಬಳಸುತ್ತೇವೆ ಎಂದು ಅವರು ಬರೆದು ರುಜು ಹಾಕಿದರು. ತರಬೇತಿಯ ಮಾತು ಬಂದಾಗ, "ನೋಡೋಣ್ರಿ" ಎಂದರೇ ಹೊರತು ಬರೆಯಲಿಲ್ಲ. ನಾನು ಒತ್ತಾಯಿಸಬೇಕಿತ್ತೇನೋ. ಆ ಹೊತ್ತಿಗೆ ಬಹಳ ದಣಿದಿದ್ದೆ. ಸಹಾಯವಾಣಿಯವರು ಕರೆ ಮಾಡಿ ವಿಚಾರಿಸಿದಾಗ, ದೂರು ಇತ್ಯರ್ಥವಾಗಿದೆ ಎಂದು ತಿಳಿಸಿದೆ.

ಸುಮಾರು ಒಂದು ತಿಂಗಳ ನಂತರ ಕೇಂದ್ರ ಬಸ್ ನಿಲ್ದಾಣದಲ್ಲಿ ಆ ಹುಡುಗಿ ಕಂಡಳು. ನನ್ನನ್ನು ನೋಡಿ ಮುಖ ತಿರುಗಿಸಬಹುದೆಂದುಕೊಂಡೆ. ತಾನಾಗಿಯೇ ಹತ್ತಿರ ಬಂದು, "ಮೇಡಂರಿ, ಬೆರಳು ಹ್ಯಾಂಗದ?" ಎಂದು ಕೈ ಹಿಡಿದು ನೋಡಿದಳು. ಉಗುರಿನ ಬುಡದಿಂದ ಹೊಸದಾಗಿ ಬೆಳೆದ ಭಾಗ ಗಟ್ಟಿಯಾಗಿ ಬಂದು, ಹಳೆಯ ತೆಳು ಭಾಗಕ್ಕೂ ಅದಕ್ಕೂ ನಡುವೆ ಒಂದು ಅಡ್ಡಗೆರೆ ಬಿದ್ದಿತ್ತು. ಪಗಾರ ಪೂರ್ತಿ ಬಂತೇ ಎಂದು ಕೇಳಿದೆ. ಬಂದಿತ್ತಂತೆ. ಈಗ ನಾಲ್ಕು ನಿಪ್ಪರ್ ತಂದಿದ್ದಾರೆ, ಒಂದು ಸ್ಟೀಲ್ ಡಬ್ಬಿಯಲ್ಲಿ ಔಷಧಿ ನೀರು ಹಾಕಿ ಇಡುತ್ತೇವೆ, ನಾನು ಫೋನಿನಲ್ಲಿ ಅಲಾರಾಂ ಇಟ್ಟು ತೆಗೆಯುತ್ತೇನೆ ಎಂದಳು. ತರಬೇತಿ ಇನ್ನೂ ಆಗಿರಲಿಲ್ಲ.

"ಅದು ಬಿಸಿ ಆಗೋದು ಯಾಕಂತ ನಮಗ ಯಾರೂ ಹೇಳೇ ಇಲ್ರಿ ಮೇಡಂ" ಎಂದಳು.

ನಿಲ್ದಾಣದ ಕಲ್ಲುಬೆಂಚಿನ ಮೇಲೆ ಇಬ್ಬರೂ ಕುಳಿತೆವು. ಅಣುಗಳು ಕೊಂಡಿ ಹಾಕಿಕೊಳ್ಳುವುದನ್ನು ಹತ್ತೂ ಬೆರಳು ಹೆಣೆದು ತೋರಿಸಿದೆ, ತೆಳುಪದರ ಏಕೆ, ದಪ್ಪಪದರ ಏಕೆ ಬೇಡ ಎಂದು ಹೇಳಿದೆ, ಗಟ್ಟಿಯಾಗದ ಜೆಲ್ ಚರ್ಮಕ್ಕೆ ಮತ್ತೆ ಮತ್ತೆ ತಾಗಿದರೆ ಅಲರ್ಜಿ ಬರಬಹುದು, ಒಮ್ಮೆ ಬಂದರೆ ಸಾಮಾನ್ಯವಾಗಿ ಜೀವನಪೂರ್ತಿ ಹೋಗುವುದಿಲ್ಲ, ಆದ್ದರಿಂದ ದಿನಾಲು ಅದನ್ನು ಮುಟ್ಟುವ ನಿನ್ನ ಕೈಗೇ ಹೆಚ್ಚು ಜೋಪಾನ ಬೇಕು ಎಂದೆ. ಅವಳು ತನ್ನ ಬೆರಳ ತುದಿಗಳನ್ನು ತಿರುಗಿಸಿ ನೋಡಿಕೊಂಡಳು. ಆಮೇಲೆ ಫೋನ್ ತೆಗೆದು, ಉರಿ ಅಂದ ಕೂಡಲೇ ಕೈ ಹೊರಗ, ಐದು ಸೆಕೆಂಡು, ಮತ್ತ ಒಳಗ ಎಂದು ಬಾಯಲ್ಲಿ ಹೇಳಿಕೊಳ್ಳುತ್ತ ಬರೆದುಕೊಂಡಳು. ಅಷ್ಟರಲ್ಲಿ ಅಫಜಲಪುರದ ಬಸ್ಸು ಬಂದು ನಿಂತಿತು.